ನೀರಿನ ಕೋಣೆ

ಇದ್ದತ್ತಿಗೆ ಕೂತ ಹೆಂಗಸು ಏನೇನು ಮಾಡಬಾರದು ಎಂದು ಹೇಳಿಕೊಡುವವರಿಗೆ ನಮ್ಮ ಓಣಿಯಲ್ಲಿ ಬರವಿರಲಿಲ್ಲ. ಹೊಸ್ತಿಲು ದಾಟಬಾರದು, ಹೂ ಮುಡಿಯಬಾರದು, ಸುರ್ಮಾ ಹಚ್ಚಬಾರದು, ಹೊಸ ಸೀರೆ ಉಡಬಾರದು, ಕನ್ನಡಿ ಮುಂದೆ ನಿಲ್ಲಬಾರದು. ಗಂಡ ಸತ್ತ ದಿನದಿಂದ ನಾಲ್ಕು ತಿಂಗಳು ಹತ್ತು ದಿನ ಹೀಗೆ ಮನೆಯೊಳಗೇ ಇರಬೇಕು; ಅದೇ ಇದ್ದತ್ತು. ದಿನಕ್ಕೊಬ್ಬರಾದರೂ ಬಂದು ಪಟ್ಟಿಗೆ ಇನ್ನೊಂದು ಸೇರಿಸಿ, ಚಹಾ ಕುಡಿದು ಹೋಗುತ್ತಿದ್ದರು. ವಿಡಿಯೋ ಗೇಮ್ ಆಡಬಾರದು ಎಂದು ಮಾತ್ರ ಯಾರೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷದ ವಿಧವೆಯೊಬ್ಬಳು ಅಂಥದ್ದು ಮಾಡಿಯಾಳು ಎಂದು ಯಾರ ತಲೆಗೂ ಹೊಳೆದಿರಲಿಕ್ಕಿಲ್ಲ. ನಾನು ಆಡಿದೆ. ನಾಲ್ಕು ತಿಂಗಳೂ ಆಡಿದೆ.

ನಮ್ಮದು ಪಿಂಜಾರರ ಮನೆತನ, ಮನೆಮಾತು ಕನ್ನಡವೇ. ತವರು ನರಗುಂದ, ಕೊಟ್ಟದ್ದು ಗಜೇಂದ್ರಗಡಕ್ಕೆ. ಮಾವನ ಕಾಲದಲ್ಲಿ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಪುರ್ತಗೇರಿ, ಸವಡಿ ಎಂದು ಹಳ್ಳಿ ತಿರುಗಿದರೆ ಗಾದಿ ತುಂಬುವ ಕೆಲಸಕ್ಕೆ ಕೊರತೆ ಇರಲಿಲ್ಲವಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಮಾವ ತೀರಿಕೊಂಡಿದ್ದರು, ಬಿಲ್ಲು ಅಟ್ಟ ಸೇರಿತ್ತು, ಜನ ಸ್ಪಂಜಿನ ಗಾದಿಯ ಮೇಲೆ ಮಲಗಲು ಕಲಿತಿದ್ದರು. ನಮ್ಮ ಮನೆಯವರು ಗೋವಾಕ್ಕೆ ಹೋಗಿ ಹೋಟೆಲುಗಳ ಸೋಫಾಗಳಿಗೆ ಹೊಸ ಬಟ್ಟೆ ಹಾಕುವ ಕೆಲಸ ಹಿಡಿದಿದ್ದರು. ಎರಡು ತಿಂಗಳಿಗೊಮ್ಮೆ ನಾಲ್ಕು ದಿನ ಬರುವರು. ಮನೆಯಲ್ಲಿ ನಾನು ಮತ್ತು ಅತ್ತೆ ಕೌದಿ ಹೊಲಿದುಕೊಂಡು ಇದ್ದೆವು.

ಆ ಗೇಮ್ ಸಿಕ್ಕದ್ದು ಒಂದು ಸೋಫಾದ ಸಂದಿಯಲ್ಲಿ. ಹಳೆಯ ಬಟ್ಟೆ ಬಿಚ್ಚುವಾಗ ಇವರ ಕೈಗೆ ಹತ್ತಿತಂತೆ. ಹೋಟೆಲಿನ ಮ್ಯಾನೇಜರು ಒಂದು ತಿಂಗಳು ಇಟ್ಟುಕೊಂಡು ನೋಡಿ, ಯಾರೂ ಕೇಳಿಕೊಂಡು ಬರದಿದ್ದಾಗ ಇವರಿಗೇ ಕೊಟ್ಟುಬಿಟ್ಟ. ಅಂಗೈಗಿಂತ ಚೂರು ದೊಡ್ಡದು, ನೇರಳೆ ಬಣ್ಣ, ಎರಡು ಪೆನ್ಸಿಲ್ ಸೆಲ್ಲು ಹಾಕಿದರೆ ಜೀವ ಬರುತ್ತಿತ್ತು. ಪರದೆಗೆ ತನ್ನದೇ ಬೆಳಕು ಇರಲಿಲ್ಲ. ಹಿತ್ತಲ ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಮಾಡಿ ಕೂತರೆ ಮಾತ್ರ ಕಾಣುತ್ತಿತ್ತು. ಒಳಗಿದ್ದದ್ದು ಒಂದೇ ಆಟ. ಟೊಪ್ಪಿ ಹಾಕಿದ ಚಿಕ್ಕ ಮನುಷ್ಯನೊಬ್ಬ ನೆಲದೊಳಗಿನ ಕೋಟೆಯಲ್ಲಿ ಕೋಣೆಯಿಂದ ಕೋಣೆಗೆ ಹೋಗುತ್ತಾನೆ. ಪ್ರತಿ ಕೋಣೆಯಲ್ಲೂ ಕಲ್ಲುಗಳು. ಕಲ್ಲನ್ನು ನೂಕಬಹುದು, ಎಳೆಯಲಾಗದು. ಎಲ್ಲವನ್ನೂ ನೆಲದಲ್ಲಿ ಗುರುತು ಮಾಡಿದ ಹಾಸುಗಳ ಮೇಲೆ ಕೂರಿಸಿದರೆ ಮುಂದಿನ ಬಾಗಿಲು ತೆರೆಯುತ್ತದೆ. ಒಂದು ಕಲ್ಲು ಮೂಲೆ ಸೇರಿತೋ, ಕಥೆ ಮುಗಿಯಿತು. ಕೋಣೆಯಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು. ಬಂದಾಗ ಕಲ್ಲುಗಳೆಲ್ಲ ಮೊದಲಿದ್ದಲ್ಲಿಗೇ ಹೋಗಿ ನಿಂತಿರುತ್ತವೆ. ಕೆಲವು ಬಾಗಿಲುಗಳಾಚೆ ಒಂದು ಪೆಟ್ಟಿಗೆ ಇರುತ್ತದೆ, ಟೊಪ್ಪಿಯವನು ಮುಟ್ಟಿದರೆ ತೆರೆದುಕೊಳ್ಳುತ್ತದೆ.

ಟೊಪ್ಪಿಯವನು ಎಲ್ಲಿಗೆ ಹೋಗುತ್ತಾನೆ, ಯಾರನ್ನು ಹುಡುಕುತ್ತಾನೆ ಎಂಬುದು ಇಂಗ್ಲಿಷಿನಲ್ಲಿ ಬರೆದು ಬರುತ್ತಿತ್ತು. ನಾನು ಏಳನೆಯ ಇಯತ್ತೆಯವರೆಗೆ ಕಲಿತವಳು, ಅವರು ಅದಕ್ಕೂ ಒಂದು ಕಡಿಮೆ.

"ಹೇಂತಿ ಸಿಟ್ಟ ಮಾಡಿ ತವರಿಗೆ ಹೋಗ್ಯಾಳ, ಕರಕೊಂಡ ಬರಾಕ ಹೊಂಟಾನ" ಎಂದು ಅವರೇ ಅರ್ಥ ಹೇಳಿದರು.

"ಹಂಗಾರ ಕಲ್ಲ ನೂಕೂದ ಬಿಟ್ಟು ಮೊದಲ ತಪ್ಪಾತು ಅನ್ನಾಕ ಹೇಳ್ರಿ" ಎಂದೆ ನಾನು.

ನಮ್ಮ ಆಟ ಹಾಗೆ, ಮೊದಲ ಕೋಣೆಯಿಂದ ಹೊಸದಾಗಿ ಶುರುವಾಯಿತು. ನಾನು ಹೇಳುವುದು, ಅವರು ಒತ್ತುವುದು. ಅವರಿಗೆ ತಾಳ್ಮೆ ಎಳ್ಳುಕಾಳಿನಷ್ಟೂ ಇರಲಿಲ್ಲ, ಕಲ್ಲು ಕಂಡರೆ ಸಾಕು ನೂಕಿಬಿಡುತ್ತಿದ್ದರು. ನಾನು ಸೂಜಿಯ ಹಿಂಬದಿಯಿಂದ ಪರದೆ ತೋರಿಸಿ "ಅದಲ್ರೀ, ಅದರ ಬಾಜೂದ್ದು" ಎನ್ನುವಷ್ಟರಲ್ಲಿ ಅದು ಮೂಲೆ ಸೇರಿರುತ್ತಿತ್ತು. ಜಗಳವಾಗುತ್ತಿತ್ತು. ನನ್ನ ಬಾಯಿ ಮೊದಲಿನಿಂದಲೂ ಜೋರು. ಅತ್ತೆ ಒಲೆಯ ಮುಂದಿನಿಂದಲೇ "ಏನ್ರೋ ಅದು, ಸಣ್ಣ ಹುಡುಗ್ರಗತೆ" ಎಂದು ಗದರಿದರೆ ಇಬ್ಬರೂ ದನಿ ತಗ್ಗಿಸಿ ಮತ್ತೆ ಜಗಳಾಡುತ್ತಿದ್ದೆವು. ಬಾಗಿಲು ತೆರೆದ ಗಳಿಗೆಯಲ್ಲಿ ಅವರು ಪರದೆ ಬಿಟ್ಟು ನನ್ನ ಮುಖ ನೋಡುತ್ತಿದ್ದರು. "ಏನ ನೋಡ್ತೀರಿ" ಎಂದು ನಾನು ರೇಗುತ್ತಿದ್ದೆ. ಎರಡು ವರ್ಷದ ಸಂಸಾರ. ಅವರು ಮನೆಯಲ್ಲಿದ್ದ ದಿನಗಳನ್ನು ಕೂಡಿಸಿದರೆ ಎರಡು ತಿಂಗಳೂ ಆಗಲಿಕ್ಕಿಲ್ಲ. ನಾವು ಸಿನಿಮಾಕ್ಕೆ ಹೋದವರಲ್ಲ, ತಲೆಯ ಮೇಲೇ ಇದ್ದ ಗುಡ್ಡ ಹತ್ತಿ ಕೋಟೆ ನೋಡಿದವರಲ್ಲ. ಸಂಸಾರ ಅಂತ ಏನಾದರೂ ಮಾಡಿದ್ದರೆ ಅದನ್ನು ಆ ಹಿತ್ತಲ ಬಾಗಿಲಲ್ಲಿ ಕೂತೇ ಮಾಡಿದ್ದು.

ಕಡೆಯ ಸಲ ಬಂದಾಗ ನೀರಿನ ಕೋಣೆ ಎದುರಾಯಿತು. ನಡುವೆ ಕಾಲುವೆ, ಅದರಾಚೆ ಬಾಗಿಲು, ಈಚೆ ಹನ್ನೊಂದು ಕಲ್ಲು. ಕೆಲವು ಕಲ್ಲುಗಳನ್ನು ನೀರಿಗೆ ಕೆಡವಿ ದಾಟುವ ದಾರಿ ಮಾಡಿಕೊಳ್ಳಬೇಕು, ಉಳಿದವನ್ನು ಆಚೆ ನೂಕಿಕೊಂಡು ಹೋಗಿ ಹಾಸುಗಳ ಮೇಲೆ ಕೂರಿಸಬೇಕು. ಯಾವುದನ್ನು ಮುಳುಗಿಸುವುದು, ಯಾವುದನ್ನು ಉಳಿಸುವುದು ಎಂಬುದೇ ಕಗ್ಗಂಟು. ನಾಲ್ಕು ದಿನ ತಲೆ ಚಚ್ಚಿಕೊಂಡೆವು, ಆಗಲಿಲ್ಲ. ಐದನೆಯ ದಿನ ಅವರು ಹೊರಡುವಾಗ ಗೇಮ್ ಇಲ್ಲೇ ಇರಲಿ ಎಂದು ನಾನು, ಗೋವಾದಲ್ಲಿ ಸಂಜೆ ಹೊತ್ತು ಹೋಗುವುದಿಲ್ಲ ಎಂದು ಅವರು. ಕಡೆಗೆ ಒಪ್ಪಂದವಾಯಿತು: ಒಯ್ಯಬಹುದು, ಹಿಂದಿನ ಕೋಣೆಗಳಲ್ಲಿ ಎಷ್ಟಾದರೂ ತಿರುಗಾಡಬಹುದು, ನೀರಿನ ಕೋಣೆ ಮಾತ್ರ ಮುಟ್ಟಬಾರದು. ಅದನ್ನು ಇಬ್ಬರೂ ಕೂಡಿಯೇ ದಾಟಬೇಕು.

ಪ್ರತಿ ಐತವಾರ ಓಣಿಯ ಕಿರಾಣಿ ಅಂಗಡಿಯ ಫೋನಿಗೆ ಅವರ ಕರೆ ಬರುತ್ತಿತ್ತು. ಮೊದಲು ಅತ್ತೆ ಮಾತಾಡುವರು, ಆಮೇಲೆ ನಾನು. ಅಂಗಡಿಯವನ ಎದುರು ನಿಂತು ಗಂಡನೊಡನೆ ಏನು ಮಾತಾಡುವುದು? "ಆ ಕೋಣಿ ಮುಟ್ಟಿಲ್ಲ ಹೌದಿಲ್ರಿ?" ಎಂದು ಕೇಳುತ್ತಿದ್ದೆ.

"ನಿನ್ನ ಆಣಿ. ಬಾಗಲದಾಗ ನಿಂತಾನ ನೋಡ ನಿನ್ನ ಟೊಪ್ಪಿಯಾಂವ."

ಬಕ್ರೀದಿಗೆ ಬರುತ್ತೇನೆ ಎಂದಿದ್ದರು. ಹಬ್ಬಕ್ಕೆ ಇನ್ನೂ ಮೂರು ವಾರವಿರುವಾಗ, ಸೈಕಲ್ಲಿನ ಮೇಲೆ ಬಟ್ಟೆಯ ಗಂಟು ಕಟ್ಟಿಕೊಂಡು ಕೆಲಸಕ್ಕೆ ಹೊರಟವರಿಗೆ ಲಾರಿ ಹಾಯಿತು. ಜೊತೆಗೆ ಕೆಲಸ ಮಾಡುತ್ತಿದ್ದವರೇ ಊರಿಗೆ ತಂದರು. ಅದರ ಬಗ್ಗೆ ನಾನು ಬರೆಯುವುದಿಲ್ಲ, ನನ್ನಿಂದ ಆಗುವುದಿಲ್ಲ. ವಾರದ ಮೇಲೆ ಅವರ ಚೀಲ ಬಂತು. ಎರಡು ಅಂಗಿ, ಒಂದು ದಬ್ಬಣ, ಟವೆಲಿನಲ್ಲಿ ಸುತ್ತಿದ ಗೇಮ್.

ಆನ್ ಮಾಡಿದರೆ ಟೊಪ್ಪಿಯವನು ನೀರಿನ ಕೋಣೆಯ ಬಾಗಿಲ ಹೊರಗೆ ನಿಂತಿದ್ದ. ಹೇಳಿದ ಹಾಗೆಯೇ.

ಅಷ್ಟರಲ್ಲಿ ಹಿರಿಯರು ಕೂತು ನಮ್ಮಿಬ್ಬರ ಮುಂದಿನದನ್ನು ನಿರ್ಧರಿಸಿ ಆಗಿತ್ತು. ಇದ್ದತ್ತು ಮುಗಿದ ದಿನ ನಮ್ಮಪ್ಪ ಬಂದು ನನ್ನನ್ನು ನರಗುಂದಕ್ಕೆ ಕರೆದೊಯ್ಯುವುದು. ಬಾಡಿಗೆ ಮನೆ ಬಿಟ್ಟು ಅತ್ತೆ ರೋಣದ ಮಗಳ ಮನೆಗೆ ಹೋಗುವುದು. ಮಗನ ಸಾಮಾನು ತಾಯಿಯ ಜೊತೆಗೆ. ಗೇಮಂತೂ ರೋಣದ ಮೊಮ್ಮಕ್ಕಳಿಗೆ ಎಂದು ಅತ್ತೆ ಆಗಲೇ ಮಾತು ಕೊಟ್ಟಿದ್ದರು. ನನಗೆ ಬೇಕು ಎಂದು ಹೇಗೆ ಕೇಳಲಿ? ಗಂಡನನ್ನು ಕಳೆದುಕೊಂಡವಳು ಆಟದ ಸಾಮಾನಿಗೆ ಕೈಚಾಚಿದಳು ಎಂದು ಓಣಿಯೆಲ್ಲ ಆಡಿಕೊಳ್ಳುತ್ತಿತ್ತು. ಹಾಗಾಗಿ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ: ಇದ್ದತ್ತು ಮುಗಿಯುವುದರೊಳಗೆ ಆ ಕೋಣೆ ದಾಟಬೇಕು. ಇಬ್ಬರೂ ಕೂಡಿ ದಾಟುವುದು ಇನ್ನಿಲ್ಲ. ಅರ್ಧಕ್ಕೆ ಬಿಟ್ಟದ್ದನ್ನು ನಾನಾದರೂ ಮುಗಿಸಬೇಕು. ಆಮೇಲೆ ಏನು ಎಂದು ಯೋಚಿಸಿರಲಿಲ್ಲ. ಆಮೇಲೆ ಎಂಬುದೇ ನನಗೆ ಇರಲಿಲ್ಲ.

ಮೊದಲ ದಿನ ಆನ್ ಮಾಡಿದಾಗ ಅದರ ಪುಟ್ಟ ಸಂಗೀತ ಕೇಳಿ ಅತ್ತೆ ಓಡಿ ಬಂದರು. ಮುಖ ನೋಡಿದರೆ ಮಗನೇ ಬಂದನೇನೋ ಎಂಬಂತಿತ್ತು. ನನ್ನ ಕೈ ನೋಡಿ ಅಲ್ಲೇ ಗೋಡೆ ಹಿಡಿದರು.

"ಅದರ ದನಿ ಬಂದ್ ಮಾಡವಾ. ನನಗ ತಡ್ಯಾಕ ಆಗೂದಿಲ್ಲ."

ದನಿ ನಿಲ್ಲಿಸಿದೆ. ಆಡಬೇಡ ಎಂದು ಅವರು ಹೇಳಲಿಲ್ಲ. ಸೆಲ್ಲು ಮುಗಿದ ದಿನ ಗೇಮನ್ನು ಸುಮ್ಮನೆ ಕಿಟಕಿಯ ಮೇಲಿಟ್ಟಿದ್ದೆ, ಹೊರಗೆ ಹೋಗುವಂತಿಲ್ಲವಲ್ಲ. ಸಂಜೆ ನೋಡಿದರೆ ಪಕ್ಕದಲ್ಲಿ ಎರಡು ಹೊಸ ಸೆಲ್ಲು. ಕಿರಾಣಿಯವನು ಯಾತಕ್ಕೆ ಎಂದು ಕೇಳಿದಾಗ ಅತ್ತೆ ರೇಡಿಯೋಕ್ಕೆ ಎಂದರಂತೆ. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ.

ದಿನಾ ಹತ್ತು ಗಂಟೆಯ ಬಿಸಿಲಿಗೆ ಕೂರುತ್ತಿದ್ದೆ. ಕಲ್ಲು ನೂಕು, ಮೂಲೆ ಸೇರು, ಹೊರಗೆ ಹೋಗು, ಒಳಗೆ ಬಾ. ಹನ್ನೊಂದೂ ಕಲ್ಲು ತಮ್ಮ ಜಾಗದಲ್ಲಿ, ಏನೂ ಆಗಿಲ್ಲವೆಂಬಂತೆ. ನನಗೆ ಆ ಕಲ್ಲುಗಳ ಮೇಲೆ ಸಿಟ್ಟು ಬರುತ್ತಿತ್ತು. ಎಷ್ಟು ತಪ್ಪಿದರೂ ಅವಕ್ಕೆ ಮೊದಲಿದ್ದಲ್ಲಿಗೆ ಮರಳುವ ದಾರಿಯಿತ್ತು, ನನಗಿರಲಿಲ್ಲ. ಸಾಂತ್ವನ ಹೇಳಲು ಬಂದ ಹೆಂಗಸರು ಪಡಸಾಲೆಯಲ್ಲಿ ಕೂತು "ವಯಸ್ಸು ಸಣ್ಣದೈತಿ, ಇನ್ನೊಂದ ನಿಕಾ ಆದ್ರ ಎಲ್ಲಾ ಸರಿ ಹೊಕ್ಕೈತಿ" ಎಂದು ನನಗೆ ಕೇಳುವ ಹಾಗೆಯೇ ಪಿಸುಗುಟ್ಟುತ್ತಿದ್ದರು. ಒಬ್ಬಾಕೆಯ ಎದುರು ಎದ್ದು ಹೋಗಿ "ನಿಮ್ಮವರು ಇನ್ನೂ ಗಟ್ಟಿ ಅದಾರಲ್ರಿ, ಆ ಮಾತ ಬ್ಯಾರೆಯವರಿಗೆ ಹೇಳಾಕ ಬಾಯಿ ಹ್ಯಾಂಗ ಬರತೈತಿ" ಎಂದುಬಿಟ್ಟೆ. ಆಕೆ ಮತ್ತೆ ಬರಲಿಲ್ಲ. ಒಳ್ಳೆಯದೇ ಆಯಿತು.

ಮೂರನೆಯ ತಿಂಗಳಿಗೆ ನಾನು ಸೋತಿದ್ದೆ. ಊಟ ಸೇರುತ್ತಿರಲಿಲ್ಲ. ಕೌದಿಗೆ ಕೈ ಹಾಕಿದರೆ ಹೊಲಿಗೆ ಡೊಂಕು. ಕಣ್ಣು ಮುಚ್ಚಿದರೂ ಕಾಲುವೆ, ಕಲ್ಲು. ಅವರ ಮುಖ ನೆನಪಿಗೆ ತಂದುಕೊಳ್ಳಲು ಹೋದರೆ ಟೊಪ್ಪಿಯವನೇ ಬರುತ್ತಿದ್ದ, ಅದು ನನ್ನನ್ನು ಹೆದರಿಸುತ್ತಿತ್ತು. ಇಷ್ಟಕ್ಕೂ ಅವರಿಲ್ಲದೆ ನಾನು ಬೆರಳಿಟ್ಟು ತೋರಿಸುವುದು ಯಾರಿಗೆ? ಒತ್ತುವುದೂ ನಾನೇ, ತಪ್ಪುವುದೂ ನಾನೇ, ಬೈಯುವುದೂ ನಾನೇ. ಎಷ್ಟೋ ಸಲ ಗೇಮನ್ನು ಹಿತ್ತಲ ಬಾವಿಗೆ ಎಸೆದುಬಿಡಬೇಕು ಅನ್ನಿಸಿದೆ. ಒಂದೆರಡು ಸಲ ಅದರ ಹಿಂದೆ ನಾನೂ ಹೋಗಬೇಕು ಅನ್ನಿಸಿದೆ. ಸುಳ್ಳೇಕೆ ಹೇಳಲಿ.

ನನಗೆ ಇನ್ನೂ ಐದು ದಿನ ಉಳಿದಿವೆ ಎಂದುಕೊಂಡಿದ್ದೆ. ಗೋಡೆಯ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಗೀಟು ಎಳೆಯುತ್ತ ಬಂದಿದ್ದೆನಲ್ಲ. ಬೆಳಗ್ಗೆ ಅತ್ತೆ ಬಂದು ಪಕ್ಕದಲ್ಲಿ ಕೂತರು.

"ನಾಳೆ ಮುಂಜಾನೆ ಬೀಗರು ಬರ್ತಾರವಾ. ನಿನ್ನ ಅರಬಿ ಗಂಟ ಕಟ್ಟಿ ಇಟಕೋ."

"ಇನ್ನೂ ಐದ ದಿನ ಅದಾವಲ್ರಿ ಅತ್ತಿ?"

"ಎಲ್ಲೀ ಐದ ದಿನ? ಇವತ್ತಿಗೆ ಮುಗೀತು. ಮಸೂತಿಯವರು ಚಂದ್ರನ ಲೆಕ್ಕಾ ಹಿಡೀತಾರ. ನೀ ಯಾವ ಲೆಕ್ಕಾ ಹಿಡದಿ?"

ನಾನು ಗೋಡೆ ತೋರಿಸಿದೆ. ಅತ್ತೆ ಹಣೆ ಚಚ್ಚಿಕೊಂಡರು. ರಂಜಾನು ಬಂದರೆ ಮಾಳಿಗೆ ಹತ್ತಿ ಎಲ್ಲರಿಗಿಂತ ಮೊದಲು ಚಂದ್ರ ಹುಡುಕಿದವಳು ನಾನು. ಚಂದ್ರನ ತಿಂಗಳು ಸಣ್ಣದು, ಕ್ಯಾಲೆಂಡರಿನ ತಿಂಗಳು ದೊಡ್ಡದು ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ನಾಲ್ಕು ತಿಂಗಳು ಮನೆಯೊಳಗೆ ಕೂತು, ರಾತ್ರಿಯ ಆಕಾಶವನ್ನೇ ನೋಡದೆ, ಕಿರಾಣಿ ಅಂಗಡಿಯವನು ಕೊಟ್ಟ ಕ್ಯಾಲೆಂಡರನ್ನು ನಂಬಿಕೊಂಡಿದ್ದೆ. ಐದು ದಿನ ಹೋಯಿತು. ಉಳಿದದ್ದು ಆ ಒಂದು ದಿನದ ಬಿಸಿಲು.

ಗಂಟು ಕಟ್ಟುವುದು ಬಿಟ್ಟು ಹಿತ್ತಲ ಬಾಗಿಲಿಗೆ ಹೋಗಿ ಕೂತೆ. ಮಧ್ಯಾಹ್ನದವರೆಗೆ ಮತ್ತೆ ಅದೇ ಹಾಡು. ಅವಸರಕ್ಕೆ ಕಲ್ಲುಗಳು ಇನ್ನೂ ಬೇಗ ಮೂಲೆ ಸೇರುತ್ತಿದ್ದವು. ಕಡೆಗೆ ಒತ್ತುವುದನ್ನೇ ನಿಲ್ಲಿಸಿ, ಸುಮ್ಮನೆ ಕೋಣೆಯನ್ನು ನೋಡುತ್ತ ಅಳುತ್ತ ಕೂತೆ. ಆಗ ನಮ್ಮವ್ವನ ನೆನಪಾಯಿತು. ಅವ್ವ ನನಗೆ ಕೌದಿ ಕಲಿಸುವಾಗ ಮೊದಲು ಹೊಲಿಯಲು ಬಿಡಲೇ ಇಲ್ಲ. ಯಾರೋ ಹೊಲಿದ ಹಳೆಯ ಕೌದಿ ಮುಂದೆ ಹಾಕಿ, ಕಡೆಯ ಹೊಲಿಗೆ ಎಲ್ಲಿದೆ ಹುಡುಕು, ಅಲ್ಲಿಂದ ಬಿಚ್ಚುತ್ತ ಬಾ ಎಂದಿದ್ದಳು. ಬಿಚ್ಚುತ್ತ ಹೋದರೆ ಯಾವ ತುಂಡು ಯಾವುದರ ಮೇಲೆ ಕೂತಿದೆ, ಹೊಲಿದವಳು ಎಲ್ಲಿಂದ ಶುರು ಮಾಡಿದಳು ಎಂಬುದು ತಾನಾಗಿಯೇ ತಿಳಿಯುತ್ತಿತ್ತು.

ಕೋಣೆಯನ್ನೂ ಹಾಗೇ ಬಿಚ್ಚಿದೆ. ಬಾಗಿಲು ತೆರೆದಿದೆ ಎಂದುಕೊಂಡೆ. ಹಾಗಾದರೆ ಕಡೆಯ ಕಲ್ಲು ಹಾಸಿನ ಮೇಲೆ ಯಾವ ದಿಕ್ಕಿನಿಂದ ಬಂದಿರಬೇಕು? ಎಡದಿಂದ ಮಾತ್ರ, ಬೇರೆ ಕಡೆ ಗೋಡೆಯಿದೆ. ಎಡದಿಂದ ಬರಬೇಕಾದರೆ ಟೊಪ್ಪಿಯವನು ಅದರ ಹಿಂದೆ ನಿಲ್ಲಬೇಕು, ನಿಲ್ಲುವ ಜಾಗದಲ್ಲಿ ನೀರಿದೆ, ಅಂದರೆ ಅಲ್ಲೊಂದು ಕಲ್ಲು ಮೊದಲೇ ಮುಳುಗಿರಬೇಕು. ಅದರ ಹಿಂದಿನದು, ಅದರ ಹಿಂದಿನದು. ಕೌದಿಯ ಚೂರು ಬಟ್ಟೆಗಳನ್ನು ನೆಲದ ಮೇಲೆ ಕಲ್ಲುಗಳ ಹಾಗೆ ಹರಡಿಕೊಂಡು ಒಂದೊಂದೇ ಹಿಂದಕ್ಕೆ ಸರಿಸಿದೆ. ಎರಡು ತಾಸು ಹಿಡಿಯಿತು. ನಾವು ಯಾವಾಗಲೂ ಮೊದಲು ಮುಳುಗಿಸುತ್ತಿದ್ದ ಹತ್ತಿರದ ಕಲ್ಲನ್ನೇ ಕಡೆಯವರೆಗೆ ಉಳಿಸಿಕೊಳ್ಳಬೇಕಾಗಿತ್ತು.

ಬಿಸಿಲು ಹಿತ್ತಲ ಗೋಡೆ ಏರುವ ಹೊತ್ತಿಗೆ ಬಾಗಿಲು ತೆರೆಯಿತು. ನಾನು ತಿರುಗಿ ಪಕ್ಕಕ್ಕೆ ನೋಡಿದೆ. ಅಭ್ಯಾಸ.

ಟೊಪ್ಪಿಯವನನ್ನು ಒಳಗೆ ನಡೆಸಿದೆ. ಚಿಕ್ಕ ಕೋಣೆ, ನಡುವೆ ಪೆಟ್ಟಿಗೆ. ಪೆಟ್ಟಿಗೆ ತೆರೆದಿತ್ತು.

ನನಗೆ ಮೊದಲು ಅರ್ಥವಾಗಲಿಲ್ಲ. ಆ ಆಟದಲ್ಲಿ ಕಲ್ಲುಗಳು ಮರಳಿ ಬರುತ್ತವೆ, ಬಾಗಿಲುಗಳು ಮರಳಿ ಮುಚ್ಚಿಕೊಳ್ಳುತ್ತವೆ, ಆದರೆ ಒಮ್ಮೆ ತೆರೆದ ಪೆಟ್ಟಿಗೆ ತೆರೆದೇ ಇರುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗಲು ಮೂಲೆಯಲ್ಲೊಂದು ಮೆಟ್ಟಿಲಿತ್ತು. ಇಳಿದು ನೋಡಿದೆ. ಅದು ನೇರ ನೀರಿನ ಕೋಣೆಯ ಹೊರಬಾಗಿಲಿಗೆ ತಂದು ಬಿಟ್ಟಿತು, ಮೊದಲ ದಿನ ಟೊಪ್ಪಿಯವನು ನಿಂತಿದ್ದ ಅದೇ ಜಾಗಕ್ಕೆ.

ಅವರು ದಾಟಿದ್ದರು. ಗೋವಾದ ಯಾವುದೋ ಸಂಜೆ, ತಾಳ್ಮೆಯೇ ಇಲ್ಲದ ಆ ಮನುಷ್ಯ ಒಬ್ಬರೇ ಕೂತು ಹನ್ನೊಂದೂ ಕಲ್ಲು ಸರಿಪಡಿಸಿ ದಾಟಿದ್ದರು. ಮುಂದಕ್ಕೆ ಹೋಗಲಿಲ್ಲ. ಮೆಟ್ಟಿಲಿಳಿದು ಹಿಂದೆ ಬಂದು, ಟೊಪ್ಪಿಯವನನ್ನು ಬಾಗಿಲಲ್ಲಿ ನಿಲ್ಲಿಸಿ, ಸೇವ್ ಮಾಡಿ, ಐತವಾರ ಫೋನಿನಲ್ಲಿ ನನ್ನ ಆಣೆ ಹಾಕಿದ್ದರು. ಬದುಕಿದ್ದರೆ ಬಕ್ರೀದಿಗೆ ಬಂದು ನನ್ನ ಪಕ್ಕ ಕೂತು ಏನೂ ಗೊತ್ತಿಲ್ಲದವರ ಹಾಗೆ ತಪ್ಪು ತಪ್ಪು ನೂಕುತ್ತಿದ್ದರು. ನಾನು ಬೈಯುತ್ತಿದ್ದೆ. ಬಾಗಿಲು ತೆರೆದಾಗ ನನ್ನ ಮುಖ ನೋಡುತ್ತಿದ್ದರು. ಆ ಪೆಟ್ಟಿಗೆ ಕಂಡ ಕೂಡಲೇ ಸಿಕ್ಕಿಬೀಳುತ್ತಿದ್ದರು, ಅದನ್ನು ಯೋಚಿಸಿಯೇ ಇರಲಿಲ್ಲ, ಹುಚ್ಚಪ್ಪ. ಸಿಕ್ಕಿಬಿದ್ದಾಗ ನಾನು ಮಾಡಬೇಕಿದ್ದ ಜಗಳ ಎಂಥದ್ದು! ಎರಡು ದಿನ ಮಾತು ಬಿಡುತ್ತಿದ್ದೆ. "ಸುಳ್ಳ ಹೇಳಿದ್ರಿ ನನಗ" ಎಂದು ಗೇಮಿಗೆ ಹೇಳಿದೆ. ಮತ್ತೆ ಮತ್ತೆ ಹೇಳಿದೆ. ಜಗಳಕ್ಕೂ ಎದುರಿಗೆ ಒಬ್ಬ ಮನುಷ್ಯ ಬೇಕು.

ಆಟ ನಿಲ್ಲಿಸುವಾಗ ಸೇವ್ ಮಾಡಲೇ ಎಂದು ಅದು ಕೇಳಿತು. ಅಷ್ಟು ಇಂಗ್ಲಿಷು ನನಗೆ ಗೊತ್ತಿತ್ತು. ಅವರು ನಿಲ್ಲಿಸಿಟ್ಟದ್ದೇ ಇರಲಿ ಎಂದು ಬೇಡ ಒತ್ತಿ ಆರಿಸಿದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ನಾಲ್ಕು ತಿಂಗಳು ಸೆಲ್ಲು ತಂದುಕೊಟ್ಟ ಆ ಹೆಂಗಸು ಆಟದ ಬಗ್ಗೆ ಮೊದಲ ಸಲ ಬಾಯಿ ತೆರೆದರು.

"ಆ ಕೋಣಿ ದಾಟಿದೇನ?"

"ಇಲ್ರಿ ಅತ್ತಿ. ಆಗಲಿಲ್ಲ."

"ಹೋಗ್ಲಿ ಬಿಡವಾ. ಅಂವಗೂ ಆಗಲಿಲ್ಲ. ಫೋನ್ ಮಾಡಿದಾಗೊಮ್ಮೆ ಹೇಳ್ತಿದ್ದ, ಅವ್ವಾ, ಆ ಕೋಣಿ ಆಗವಲ್ದು ಅಂತ. ಸಣ್ಣಾಂವಿದ್ದಾಗಿಂದ ಹಂಗ. ಸಾಲಿ ಅರ್ಧಾಕ್ಕ ಬಿಟ್ಟ, ಅವರಪ್ಪ ಬಿಲ್ಲ ಕಲಿಸಾಕ ಹ್ವಾದ್ರ ಅದನ್ನೂ ಅರ್ಧಾಕ್ಕ ಬಿಟ್ಟ. ಒಂದಾರ ಕೆಲಸ ಪೂರಾ ಮಾಡಿದ್ದ ನಾ ನೋಡಲಿಲ್ಲ. ಕಡೀಕ ನಿನ್ನೂ..." ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಒಂದು ಮಾತು ಸಾಕಿತ್ತು. ಗೇಮ್ ಮತ್ತೆ ಆನ್ ಮಾಡಿ ತೋರಿಸುವುದೂ ಬೇಕಿರಲಿಲ್ಲ, ನಾನು ಹೇಳಿದ್ದರೆ ಅತ್ತೆ ನಂಬುತ್ತಿದ್ದರು. ಆದರೆ ಅವರ ಅಂಗಿ, ದಬ್ಬಣ, ಗೇಮ್, ಎಲ್ಲ ಆಗಲೇ ಹಂಚಿಕೆಯಾಗಿತ್ತು. ಇದೊಂದಾದರೂ ನನ್ನ ಪಾಲಿಗಿರಲಿ, ಯಾರಿಗೂ ಕೊಡುವುದಿಲ್ಲ ಎಂಬ ಆಸೆಬುರುಕತನ ನನ್ನ ಬಾಯಿ ಕಟ್ಟಿತು. ಗೇಮನ್ನು ಟವೆಲಿನಲ್ಲಿ ಸುತ್ತಿ ಅತ್ತೆಯ ಕೈಗೆ ಕೊಟ್ಟು ಗಂಟು ಕಟ್ಟಲು ಎದ್ದೆ. ಮರುದಿನ ಅಪ್ಪನೊಂದಿಗೆ ಬಸ್ಸು ಹತ್ತಿದೆ.

ಅತ್ತೆ ಕೆಲವು ವರ್ಷ ರೋಣದಲ್ಲಿ ಬಾಳಿದರು. ಹಬ್ಬಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಪ್ರತಿ ಸಲ ಬಸ್ಸಿನಲ್ಲಿ ಕೂತಾಗ ಈ ಸಲ ಹೇಳಿಬಿಡಬೇಕು ಎಂದುಕೊಳ್ಳುವುದು, ಹೋದ ಮೇಲೆ ಅವರು ಮಗನ ಮಾತು ತೆಗೆದು "ಯಾವ್ದೂ ಪೂರಾ ಮಾಡಲಿಲ್ಲ ನನ ಮಗ" ಎಂದಾಗ ತಲೆ ತಗ್ಗಿಸಿ ಕೂರುವುದು. ಕಡೆಯ ಸಲ ಹೋದಾಗ ಅವರನ್ನು ಆಗಲೇ ಮೀಸಿ ಬಿಳಿ ಬಟ್ಟೆ ಸುತ್ತಿದ್ದರು. ಮುಖ ನೋಡಲು ಒಂದು ಗಳಿಗೆ ಸರಿಸಿ ತೋರಿಸಿದರು. ಮಗ ಒಂದನ್ನಾದರೂ ಪೂರ್ತಿ ಮಾಡಿದ್ದ ಎಂಬುದು ಆ ತಾಯಿಗೆ ತಿಳಿಯಲೇ ಇಲ್ಲ. ತಿಳಿಸಬಹುದಾಗಿದ್ದವಳು ಲೋಕದಲ್ಲಿ ನಾನೊಬ್ಬಳೇ ಇದ್ದೆ.